ಜೇಬು ಬಿಡಿಸೋದು ಡಿಸೈನಾ, ಬರೀ ಅಳತೆನಾ?

ಕೌಲ್‌ಬಜಾರ್ ಹುಡುಗಿ:
ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ಗೆ ಡಿಸೈನ್ ಕೆಲಸಕ್ಕೆ ಸೇರಿ 8 ತಿಂಗಳಾಯ್ತು. ಬೈಕ್ ಮೇಲೆ ಕೂತಾಗ ಮೊಬೈಲ್ ಜಾರುತ್ತದೆ, ಬೀಳದ ಹಾಗೆ ಜೇಬು ಮಾಡು ಅಂದರು. 14 ಹಾಳೆ ಬಿಡಿಸಿದೆ. ಒಂದಕ್ಕೆ ಜಿಪ್, ಒಂದಕ್ಕೆ ಮುಚ್ಚಳ, ಇನ್ನೊಂದಕ್ಕೆ ಏನೇನೋ. ಪ್ಯಾಟರ್ನ್ ಮಾಸ್ಟರ್ (ಬಟ್ಟೆ ಕತ್ತರಿಸೋಕೆ ಕಾಗದದ ಅಳತೆ-ಅಚ್ಚು ಮಾಡುವವರು) ಎಲ್ಲ ಪಕ್ಕಕ್ಕಿಟ್ಟು, ಹಳೇ ಜೇಬಿನ ಬಾಯಿಯ ಗೆರೆಯನ್ನೇ ಸೀಮೆಸುಣ್ಣದಲ್ಲಿ ಮುಕ್ಕಾಲು ಇಂಚು ಅಡ್ಡಕ್ಕೆ ವಾಲಿಸಿದರು. ಹೊಲಿಸಿ ನೋಡಿದರೆ ಮೊಬೈಲ್ ಅಲುಗಲಿಲ್ಲ! ಹಾಗಾದ್ರೆ ನನ್ನ ಹಾಳೆಗಳೆಲ್ಲ ಸುಮ್ನೆ ದಂಡವಾ? ಡಿಸೈನ್ ಮಾಡಿದ್ದು ಯಾರು, ಅವರಾ ನಾನಾ?

ಕತ್ತರಿ ಮಾಸ್ಟರ್:
ದಂಡ ಅಲ್ಲಮ್ಮ. ಜಿಪ್ ಬೇಡ, ಮುಚ್ಚಳ ಬೇಡ ಅಂತ ಗೊತ್ತಾಗಿದ್ದೇ ನಿನ್ನ ಹಾಳೆಗಳಿಂದ. ಆದ್ರೆ ನೀನು ನಿಂತವನಿಗೆ ಬಿಡಿಸಿದ್ದೀಯ. ಕೂತರೆ ತೊಡೆ ಮಡಚುತ್ತದೆ, ಜೇಬಿನ ತಳ ಮೇಲೇರುತ್ತದೆ, ಆಮೇಲೆ ಮೊಬೈಲ್ ಇನ್ನೆಲ್ಲಿ ನಿಲ್ಲುತ್ತೆ?

ನನ್ನ ಮೊದಲ ಪ್ಯಾಟರ್ನ್ ಕಥೆ ಕೇಳು. ಕಾಗದದ ಮೇಲೆ ಸೊಂಟ ಸರಿಯಾಗಿ 32. ವಾಷಿಂಗ್‌ನಿಂದ ಬಂದ ಮೇಲೆ ಟೇಪ್ ಹಿಡಿದರೆ 30. ಸ್ಟ್ರೆಚ್ ಬಟ್ಟೆ ಅಡ್ಡಕ್ಕೆ ಕುಗ್ಗುತ್ತದೆ, ನಾನು ಒಂದು ತುಂಡನ್ನೂ ತೊಳೆದು ನೋಡಿರಲಿಲ್ಲ. 200 ಪ್ಯಾಂಟ್ ಮೂಲೆ ಸೇರಿದವು. ಆ ತಿಂಗಳ ಪಗಾರದ ಮಾತು ಬೇಡ.

ಜೇಬಿನ ಮೂಲೆಯ ರಿವೆಟ್, ಆ ಲೋಹದ ಪುಟ್ಟ ಮೊಳೆ, ನೋಡಿದ್ದೀಯಲ್ಲ? ಅಮೆರಿಕದ ನೆವಾಡಾದಲ್ಲಿ ಜೇಕಬ್ ಡೇವಿಸ್ ಅಂತ ಒಬ್ಬ ಟೈಲರ್. ಕೂಲಿಯವರ ಪ್ಯಾಂಟಿನ ಜೇಬು ಹರಿಯುತ್ತದೆ ಅನ್ನೋ ದೂರಿಗೆ, ಕುದುರೆ ಕಂಬಳಿಗೆ ಹೊಡೆಯುತ್ತಿದ್ದ ರಿವೆಟನ್ನೇ ತಂದು ಹೊಡೆದ. 1873ರಲ್ಲಿ ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ ಜೊತೆ ಪೇಟೆಂಟ್ ಸಿಕ್ಕಿತು. ರಿವೆಟ್ ಹೊಸದಲ್ಲ, ಪ್ಯಾಂಟೂ ಹೊಸದಲ್ಲ.

ಕಿನ್ನಾಳದವ:
ನಮ್ಮದು ಬೊಂಬೆ ಕೆಲಸ, ಕೊಪ್ಪಳದ ಹತ್ತಿರ. ಗರುಡನ ಮೂಗು ಹೇಗಿರಬೇಕು ಅನ್ನೋದು ಹಿರಿಯರೇ ಇಟ್ಟುಹೋದದ್ದು, ನನ್ನ ಇಷ್ಟ ನಡೆಯಲ್ಲ. ಕಲ್ಲುಪುಡಿ ಕಲಸಿ ಒಡವೆಯ ಗೆರೆ ಎಳೆಯುವಾಗ ಹದ ತಪ್ಪಿದರೆ ಸರವೇ ಒಡೆದು ಉದುರುತ್ತದೆ. ಒಮ್ಮೆ ಮರದ ಗಂಟು ಸರಿಯಾಗಿ ಭುಜದ ಮೇಲೇ ಬಂತು. ಮುಚ್ಚೋಕೆ ಅಲ್ಲೊಂದು ತೋಳಬಂದಿ ಕೂರಿಸಿದೆ. ಅಪ್ಪ ನೋಡಿ ಏನೂ ಅನ್ನಲಿಲ್ಲ. ಮುಂದಿನ ಬೊಂಬೆಯಲ್ಲಿ ಗಂಟು ಇರಲಿಲ್ಲ, ಆದ್ರೂ ಅವರೇ ತೋಳಬಂದಿ ಇಟ್ಟರು.

ಕೌಲ್‌ಬಜಾರ್ ಹುಡುಗಿ:
ಮಾಸ್ಟರ್, ನಿಮ್ಮ ಮಾತು ಕೇಳಿ ಇವತ್ತು ಮೋತಿ ಸರ್ಕಲ್ ಹತ್ತಿರ ಒಂದು ಗಂಟೆ ನಿಂತು ಆಟೋದವರನ್ನು ನೋಡಿದೆ. ಜಾಸ್ತಿ ಜನ ಮೊಬೈಲನ್ನು ಪ್ಯಾಂಟ್ ಜೇಬಿಗೆ ಹಾಕೋದೇ ಇಲ್ಲ, ಅಂಗಿ ಜೇಬಿಗೇ ಹಾಕುತ್ತಾರೆ. 15ನೇ ಹಾಳೆ ತೆಗೆದಿದ್ದೇನೆ. ನಮ್ಮ ಯೂನಿಟ್‌ನ ಪ್ಯಾಟರ್ನ್ ಮಾಸ್ಟರ್‌ಗೆ ಮಾತ್ರ ಹೇಳಬೇಡಿ.