ಟ್ಯಾಬ್ ಪರ್ಮಿಟ್‌ನಲ್ಲಿ ಎಲ್ಲ 'ಹೌದು', ಟ್ಯಾಂಕಿನ ಗಾಳಿ ಮಾತ್ರ ಯಾರೂ ನೋಡಿಲ್ಲ

ಶಿಫ್ಟ್_ಸೇಫ್ಟಿ: ಕಾಗದದ ವರ್ಕ್ ಪರ್ಮಿಟ್ (ಅಪಾಯದ ಕೆಲಸಕ್ಕೆ ಕೊಡೋ ಲಿಖಿತ ಅನುಮತಿ) ಬಿಟ್ಟು ಟ್ಯಾಬ್‌ಗೆ ಬಂದಾಯ್ತು. ಕನ್‌ಫೈನ್ಡ್ ಸ್ಪೇಸ್ (ಟ್ಯಾಂಕಿನಂಥ ಇಕ್ಕಟ್ಟಾದ, ಮುಚ್ಚಿದ ಜಾಗ) ಫಾರ್ಮಿನಲ್ಲಿ 16 ಪ್ರಶ್ನೆ ಇದೆ. ಲಾಗ್ ನೋಡಿದರೆ 40 ಸೆಕೆಂಡಲ್ಲಿ ಅಷ್ಟಕ್ಕೂ 'ಹೌದು'! ಇಟಿಪಿಯ (ಕಾರ್ಖಾನೆಯ ತ್ಯಾಜ್ಯನೀರು ಶುದ್ಧೀಕರಿಸೋ ಘಟಕ) ಸ್ಲಡ್ಜ್, ಅಂದರೆ ಕೆಸರಿನ, ಟ್ಯಾಂಕ್ ಹತ್ತಿರ ನೆಟ್‌ವರ್ಕ್ ಸಿಗಲ್ಲ, ಹಾಗಾಗಿ ಆಫೀಸಲ್ಲೇ ಕೂತು ತುಂಬ್ತಾರೆ. ಫಾರ್ಮ್ ಹೇಗೆ ಬದಲಿಸೋದು?

ಗ್ಯಾಸ್_ಮೀಟರ್: 'ಗ್ಯಾಸ್ ಟೆಸ್ಟ್ ಆಯಿತೇ?' ಅನ್ನೋ ಪ್ರಶ್ನೆಯನ್ನೇ ಕಿತ್ತುಹಾಕಿ, ಅಂಕಿ ಕೇಳಿ. ಮೇಲೆ, ನಡುವೆ, ತಳ. ಪ್ರತಿ ಮಟ್ಟದಲ್ಲೂ ಆಮ್ಲಜನಕ, ಎಲ್‌ಇಎಲ್ (ಅನಿಲ ಹೊತ್ತಿಕೊಳ್ಳೋ ಕನಿಷ್ಠ ಮಟ್ಟದ ಎಷ್ಟು ಶೇಕಡಾ ಇದೆ ಅಂತ), ಎಚ್‌2ಎಸ್ (ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ), ಸಿಒ (ಕಾರ್ಬನ್ ಮೊನಾಕ್ಸೈಡ್). ಒಟ್ಟು 12 ಖಾನೆ. ಆಮ್ಲಜನಕ 19.5–23.5% ಒಳಗಿಲ್ಲದಿದ್ದರೆ, ಎಲ್‌ಇಎಲ್ 10% ಅಥವಾ ಎಚ್‌2ಎಸ್ 10 ಪಿಪಿಎಂ ಮುಟ್ಟಿದರೆ ಪರ್ಮಿಟ್ ತಾನಾಗಿ ಲಾಕ್ ಆಗಬೇಕು.

ಆಮ್ಲಜನಕದ ಖಾನೆ ಮೊದಲಿರಲಿ. ಎಲ್‌ಇಎಲ್ ನೋಡೋ ಕ್ಯಾಟಲಿಟಿಕ್ ಸೆನ್ಸರ್ ಅನಿಲವನ್ನು ಉರಿಸಿ ಅಳೆಯುತ್ತೆ. ಆಮ್ಲಜನಕ ಸಾಲದಿದ್ದರೆ ಎಲ್‌ಇಎಲ್ ಸುಳ್ಳೇ ಕಡಿಮೆ ತೋರಿಸುತ್ತೆ. ಆಗಷ್ಟೇ ಮುಚ್ಚಳ ತೆಗೆದ ಸ್ಲಡ್ಜ್ ಟ್ಯಾಂಕಿನ ತಳದಲ್ಲೂ 20.9, 0, 0, 0 (ಹೊರಗಿನ ಶುದ್ಧ ಗಾಳಿಯ ಅಂಕಿ) ಅಂತ ಬರೆದಿದ್ದರೆ ಸ್ಯಾಂಪಲ್ ಪೈಪು ಒಳಗೆ ಇಳಿದಿತ್ತಾ ಅಂತ ಕೇಳಿ. ಕೆಲಸದವರು ಒಳಗೆ ಇಳಿದ ಮೇಲೂ ಮೀಟರ್ ಅವರ ಮೈಮೇಲೇ ಇರಬೇಕು. ಕೆಸರು ಕದಡಿದಾಗ ಎಚ್‌2ಎಸ್ ಒಮ್ಮೆಲೇ ಏಳುತ್ತೆ, ಬೆಳಗಿನ ಅಳತೆ ಅಲ್ಲಿಗೆ ಮುಗೀತು.

ಆಫ್‌ಲೈನ್_ಮೋಡ್: ಟ್ಯಾಂಕಿಗೊಂದು ಕ್ಯೂಆರ್ ಹಾಕಿ, ಸ್ಕ್ಯಾನ್ ಆಗದೆ ಫಾರ್ಮ್ ತೆರೆಯಬಾರದು. ಮುಚ್ಚಳಕ್ಕೆ ಅಂಟಿಸಲೇಬೇಡಿ, ಕ್ಲೀನಿಂಗ್ ದಿನ ಮುಚ್ಚಳಗಳು ಅದಲುಬದಲಾಗುತ್ತವೆ. ರೇಲಿಂಗಿಗೆ ರಿವೆಟ್ ಹೊಡೆಸಿ. ಫಾರ್ಮ್ ಆಫ್‌ಲೈನಲ್ಲಿ ಸೇವ್ ಆಗಿ, ನೆಟ್ ಸಿಗೋ ಜಾಗಕ್ಕೆ ಬಂದಾಗ ಸಿಂಕ್ ಆಗಲಿ. ಟ್ಯಾಬ್ ಸಮಯ, ಸರ್ವರ್ ಸಮಯ ಎರಡೂ ದಾಖಲಾಗಲಿ, ಗಡಿಯಾರ ತಿದ್ದುವ ಸೆಟಿಂಗ್ ಲಾಕ್ ಇರಲಿ. ನೆಟ್ ಇಲ್ಲದಿದ್ದರೆ ಮೇಲಿಂದ ಅಪ್ರೂವಲ್ ಬರಲ್ಲ. ಪರ್ಮಿಟ್ ಕೊಡುವವರು ಅಲ್ಲಿಗೇ ಬಂದು ಅದೇ ಟ್ಯಾಬಲ್ಲಿ ತಮ್ಮ ಪಿನ್ ಒತ್ತಬೇಕು. ತೊಂದರೆ ನಿಜ, ಆದರೆ ನಿಮಗೆ ಬೇಕಾಗಿರೋದೂ ಅದೇ ಅಲ್ವಾ?

ಇಎಕ್ಸ್_ಝೋನ್: ಮೇಲಿನದಕ್ಕೊಂದು ತಿದ್ದುಪಡಿ. ಮೀಥೇನ್ ಬರುವ ಟ್ಯಾಂಕಿನ ಬಾಯಿಗೆ ಮಾಮೂಲಿ ಟ್ಯಾಬ್ ಒಯ್ಯುವಂತಿಲ್ಲ. ಇಂಟ್ರಿನ್ಸಿಕಲಿ ಸೇಫ್ (ಅನಿಲಕ್ಕೆ ಕಿಡಿ ಹೊತ್ತಿಸದಂತೆ ಮಾಡಿದ) ಟ್ಯಾಬ್ ತನ್ನಿ, ಇಲ್ಲವಾದರೆ ಕ್ಯೂಆರ್ ಅಪಾಯದ ವಲಯದ ಹೊರಗೆ, ಆ ಟ್ಯಾಂಕಿಗೇ ಹೋಗುವ ದಾರಿಯಲ್ಲಿರಲಿ.

ಪಿನ್ ಯಾರದ್ದು ಅನ್ನೋದೂ ಮುಖ್ಯ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 36ನೇ ಸೆಕ್ಷನ್ ಕೇಳುತ್ತಿದ್ದದ್ದು, ಸಮರ್ಥ ವ್ಯಕ್ತಿ ತಾನೇ ಮಾಡಿದ ಪರೀಕ್ಷೆಯ ಮೇಲೆ ಕೊಟ್ಟ ಲಿಖಿತ ಪ್ರಮಾಣಪತ್ರ. ಶಿಫ್ಟಿಗೆಲ್ಲ ಒಂದೇ ಲಾಗಿನ್ ಇದ್ದರೆ ಅಳೆದವರು ಯಾರು ಅಂತ ತೋರಿಸೋಕೆ ಆಗಲ್ಲ. ಇನ್ನೊಂದು, ಇಳಿದವರ ಹೆಸರೂ ಹೊರಬಂದವರ ಹೆಸರೂ ತಾಳೆಯಾಗದೆ 'ಪರ್ಮಿಟ್ ಕ್ಲೋಸ್' ಬಟನ್ ಕಾಣಿಸಲೇಬಾರದು.

ಶಿಫ್ಟ್_ಸೇಫ್ಟಿ: ಕ್ಯೂಆರ್ ಮುಚ್ಚಳದ ಮೇಲೇ ಇತ್ತು. ತೆಗೆಸ್ತಿದ್ದೀನಿ.