ಸಿನ್ಸ್, ಫಾರ್, ಲೆಂಡ್, ಬಾರೋ: ತಂಗಿಗೆ ಹೇಗೆ ಹೇಳಿಕೊಡಲಿ?

ಹಾಸನದಿಂದ ಕೇಳಿಕೆ
ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನ್ನ ತಂಗಿ ಈಗ ಇಲ್ಲಿಯೇ ಬಿ.ಕಾಂ. ಓದುತ್ತಿದ್ದಾಳೆ. ಸಿನ್ಸ್–ಫಾರ್, ಲೆಂಡ್–ಬಾರೋ, ಎ–ಆ್ಯನ್, ಇವುಗಳಲ್ಲಿ ಯಾವುದು ಎಲ್ಲಿಗೆ ಎಂಬುದು ಎಷ್ಟು ಬಾಯಿಪಾಠ ಮಾಡಿದರೂ ಅವಳಿಗೆ ನಿಲ್ಲುತ್ತಿಲ್ಲ. ಕಲಿತವರು, ಕಲಿಸಿದವರು ದಯವಿಟ್ಟು ತಿಳಿಸಬೇಕು.

ಚಿಕ್ಕಮಗಳೂರಿನಿಂದ, ಪ್ರೌಢಶಾಲೆಯ ಶಿಕ್ಷಕಿ
ನಿಯಮಗಳ ಪಟ್ಟಿ ಕೊಡುವ ಮೊದಲು ಅವರು ಬರೆದ ತಪ್ಪು ವಾಕ್ಯವನ್ನು ಕನ್ನಡದಲ್ಲಿ ಹೇಳಿಸಿ ನೋಡಿ; ತಪ್ಪಿನ ಬೇರು ಹೆಚ್ಚಾಗಿ ಅಲ್ಲಿಯೇ ಸಿಗುತ್ತದೆ. ‘2021ರಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’, ‘ಮೂರು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಎನ್ನುವಾಗ ನಮಗೆ ಎರಡು ಕಡೆಯೂ ‘ಇಂದ’ ಒಂದೇ ಸಾಕು. ಇಂಗ್ಲಿಷಿನಲ್ಲಿ ಕೆಲಸ ಶುರುವಾದ ಕಾಲವನ್ನು ಹೇಳಿದರೆ ಸಿನ್ಸ್, ಕಳೆದ ಅವಧಿಯನ್ನು ಹೇಳಿದರೆ ಫಾರ್ ಬರುತ್ತದೆ. ಇಷ್ಟನ್ನು ಸರಿಯಾಗಿ ಬರೆಯುವ ಮಕ್ಕಳೂ ‘ಮಾಡುತ್ತಿದ್ದೇನೆ’ ಎಂಬುದನ್ನು ನೇರವಾಗಿ ‘ಐ ಆ್ಯಮ್ ವರ್ಕಿಂಗ್’ ಎಂದು ಇಳಿಸಿಬಿಡುತ್ತಾರೆ. ಹಿಂದೆ ಶುರುವಾಗಿ ಇಂದಿಗೂ ನಡೆಯುತ್ತಿರುವ ಕೆಲಸಕ್ಕೆ ‘ಐ ಹ್ಯಾವ್ ಬೀನ್ ವರ್ಕಿಂಗ್’ ಎನ್ನಬೇಕು. ನನ್ನ ಅನುಭವದಲ್ಲಿ ಸಿನ್ಸ್–ಫಾರ್‌ಗಿಂತ ಇದೇ ಹೆಚ್ಚು ಕಾಲ ಕಾಡುತ್ತದೆ.

ಹಾಗೆಂದು ಕನ್ನಡ ದಾರಿ ತಪ್ಪಿಸುತ್ತದೆ ಎಂದೇ ತಿಳಿಯಬೇಡಿ. ‘ಐ ಡಿಡ್ ನಾಟ್ ವೆಂಟ್’ ಎಂದು ಬರೆಯುವವರಿಗೆ ನಾನು ‘ಹೋದೆ’ ಎಂಬುದರ ನಿಷೇಧ ರೂಪವನ್ನು ಕೇಳುತ್ತೇನೆ. ‘ಹೋಗಲಿಲ್ಲ’ ಎನ್ನುತ್ತಾರೆ. ಅಲ್ಲಿ ‘ಹೋದ’ ಉಳಿಯಿತೇ? ‘ಹೋಗು’ ಮರಳಿ ಬಂದಂತೆ ಇಂಗ್ಲಿಷಿನಲ್ಲಿಯೂ ‘ಗೋ’ ಮರಳಿ ಬರುತ್ತದೆ ಎಂದರೆ ಮತ್ತೆ ವಿವರಿಸಬೇಕಾಗುವುದು ಅಪರೂಪ.

ಮೂಡಿಗೆರೆಯಿಂದ, ಹೋಂಸ್ಟೇ ನಡೆಸುವವರು
ಲೆಂಡ್ ಎಂದರೆ ಕಡ ಕೊಡುವುದು, ಬಾರೋ ಎಂದರೆ ಕಡ ತೆಗೆದುಕೊಳ್ಳುವುದು. ಬ್ಯಾಂಕ್ ಲೆಂಡ್ ಮಾಡುತ್ತದೆ, ಬೆಳೆಗಾರ ಬಾರೋ ಮಾಡುತ್ತಾನೆ. ಇದಕ್ಕಿಂತ ಹೆಚ್ಚಿನ ವಿವರ ಬೇಕಾಗದು. ಅತಿಥಿಗಳೊಡನೆ ಮಾತನಾಡುವಾಗ ನಮ್ಮ ಕಡೆಯವರನ್ನು ಕೂಡಲೇ ಗುರುತು ಹಿಡಿಸುವುದು ‘ಅಲ್ವಾ’. ಅದೊಂದನ್ನೇ ಎಲ್ಲ ವಾಕ್ಯಗಳ ಬಾಲಕ್ಕೂ ಕಟ್ಟಿ ರೂಢಿಯಾದ ನಾವು ‘ಯು ಆರ್ ಕಮಿಂಗ್, ಇಸ್ ನಾಟ್ ಇಟ್’ ಎನ್ನುತ್ತೇವೆ. ‘ಆರಂಟ್ ಯು’ ಎಂದರೆ ಸರಿ. ಎ–ಆ್ಯನ್ ವಿಷಯಕ್ಕೆ ನಾನು ಪದವನ್ನು ಕನ್ನಡ ಲಿಪಿಯಲ್ಲಿ ಬರೆದು ನೋಡುತ್ತೇನೆ. ಗಂಟೆ ಎಂಬರ್ಥದ ‘ಅವರ್’ (hour) ಸ್ವರದಿಂದ ಶುರುವಾಗುವುದರಿಂದ ಆ್ಯನ್, ‘ಯೂನಿವರ್ಸಿಟಿ’ ವ್ಯಂಜನದಿಂದ ಶುರುವಾಗುವುದರಿಂದ ಎ. ಇಂಗ್ಲಿಷ್ ಕಾಗುಣಿತ ನೋಡಿದರೆ ಎರಡೂ ತಪ್ಪಾಗುತ್ತವೆ.

ಚಿಕ್ಕಮಗಳೂರಿನ ಶಿಕ್ಷಕಿ
ಮೂಡಿಗೆರೆಯವರ ಉಪಾಯ ಒಳ್ಳೆಯದು, ಆದರೆ ಒಂದು ಎಚ್ಚರಿಕೆ ಇರಲಿ. ನಾವು ಮಾತಿನಲ್ಲಿ ‘ಎಗ್’ ಎಂಬುದನ್ನು ‘ಯೆಗ್’ ಎಂದೂ ‘ಎಂ.ಎಲ್.ಎ.’ ಎಂಬುದನ್ನು ‘ಯೆಮ್ಮೆಲ್ಲೆ’ ಎಂದೂ ಉಚ್ಚರಿಸುತ್ತೇವೆ. ಆಡಿದಂತೆಯೇ ಬರೆದುಕೊಂಡರೆ ಇಲ್ಲದ ಯಕಾರ ನುಸುಳಿ, ಆ್ಯನ್ ಬರಬೇಕಾದ ಎರಡು ಕಡೆಯೂ ಎ ಬಂದು ಕೂರುತ್ತದೆ. ಆದುದರಿಂದ ಎ, ಇ, ಒ ಸ್ವರಗಳಿಂದ ಶುರುವಾಗುವ ಪದಗಳನ್ನು ಮಾತ್ರ ನಿಘಂಟಿನ ಆ್ಯಪ್‌ನಲ್ಲಿ ಒಮ್ಮೆ ಕೇಳಿಸಿಕೊಂಡು ಆಮೇಲೆ ಬರೆಯಲು ತಂಗಿಗೆ ಹೇಳಿ.