ಕೆಲಸ ಬಿಡದೆ ಕಾಲೇಜಿನಲ್ಲಿ ಪಾಠ ಮಾಡಬೇಕು, ಯಾರನ್ನು ಕೇಳಲಿ?

ಪೀಣ್ಯದ ಅಕೌಂಟ್ಸ್‌ನವಳು:

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಮೈಸೂರು ವಿವಿಯಲ್ಲಿ ಎಂ.ಕಾಂ., 61%. ಆಮೇಲೆ 12 ವರ್ಷ ಇದೇ ಲೈನ್. ಜಿಎಸ್‌ಟಿ, ಟಿಡಿಎಸ್, ಪಿಎಫ್, ಆಡಿಟ್ ಎಲ್ಲಾ ನನ್ನ ಟೇಬಲ್ ಮೇಲೇ.

ಪ್ರತಿ ವರ್ಷ ನಮ್ಮಲ್ಲಿಗೆ ಬಿ.ಕಾಂ. ಮುಗಿಸಿದ ಮಕ್ಕಳು ಕೆಲಸಕ್ಕೆ ಬರುತ್ತಾರೆ. ಚುರುಕಾಗೇ ಇದ್ದಾರೆ. ಆದರೆ ಒಂದು ಪರ್ಚೇಸ್ ಬಿಲ್ ಕೈಗೆ ಕೊಟ್ಟರೆ ಎಲ್ಲಿಂದ ಓದಬೇಕು ಅಂತ ಗೊತ್ತಾಗಲ್ಲ. ಅವರಿಗೆ ಕೂರಿಸಿಕೊಂಡು ಹೇಳಿಕೊಡುವುದೇ ನನ್ನ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ. ಅದನ್ನೇ ತರಗತಿಯಲ್ಲಿ ಮಾಡಬೇಕು ಅನ್ನೋ ಆಸೆ.

ಮನೆ ಸಾಲ ಇದೆ, ಕೆಲಸ ಬಿಡುವ ಹಾಗಿಲ್ಲ. ಸಂಜೆ ಆರರ ಮೇಲೆ ಅಥವಾ ಶನಿವಾರ ಬರಬಲ್ಲೆ. ಕಾಲೇಜು ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಲ್ಲಿ ನೆಟ್ (ರಾಷ್ಟ್ರ ಮಟ್ಟದ್ದು) ಆಗಿಲ್ಲ, ಕೆಸೆಟ್ (ರಾಜ್ಯದ್ದು) ಬರೆದಿಲ್ಲ. ಜಾಬ್ ವೆಬ್‌ಸೈಟ್‌ಗಳಲ್ಲಿ ಬರೀ ಪೂರ್ತಿ ದಿನದ ಕೆಲಸಗಳೇ ಕಾಣುತ್ತವೆ. 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಅಂತ ಕೇಳಿದ್ದೇನೆ, ಅದು ನನ್ನಂಥವರಿಗೆ ಆಗುತ್ತಾ? ಸರ್ಕಾರಿ ಕಾಲೇಜಿನ ಅತಿಥಿ ಉಪನ್ಯಾಸಕರ ಹುದ್ದೆಗೆ ಅರ್ಜಿ ಹಾಕಬಹುದಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಸಂಜೆ ಪೀರಿಯಡ್:

ಮೇಡಂ, ನಾನೂ ನಿಮ್ಮ ಲೈನೇ. ಹಗಲು ಒಂದು ಕಂಪನಿಯಲ್ಲಿ ಇನ್‌ಡೈರೆಕ್ಟ್ ಟ್ಯಾಕ್ಸ್, ವಾರದಲ್ಲಿ ಎರಡು ಸಂಜೆ ಬಿ.ಕಾಂ. ಮಕ್ಕಳಿಗೆ ಜಿಎಸ್‌ಟಿ ಪಾಠ.

ಮೊದಲು ಪ್ರೊಫೆಸರ್ ಆಫ್ ಪ್ರಾಕ್ಟೀಸ್ ವಿಚಾರ ಮುಗಿಸಿಬಿಡೋಣ. ಬೇರೆ ಕ್ಷೇತ್ರದಲ್ಲಿ ದುಡಿದ ಅನುಭವಿಗಳು ಕಾಲೇಜಿನಲ್ಲಿ ಪಾಠ ಮಾಡಲಿ ಅಂತ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರಲ್ಲಿ ತಂದದ್ದು. ನೆಟ್, ಪಿಎಚ್‌ಡಿ ಬೇಕಿಲ್ಲ ನಿಜ, ಆದರೆ ಕನಿಷ್ಠ 15 ವರ್ಷದ ಅನುಭವ ಕೇಳುತ್ತಾರೆ, ಅದೂ ಸಾಧ್ಯವಾದಷ್ಟು ಮೇಲಿನ ಹುದ್ದೆಯಲ್ಲಿ. ಒಂದು ಸಂಸ್ಥೆಯ ಮಂಜೂರಾದ ಹುದ್ದೆಗಳಲ್ಲಿ 10% ಮೀರುವಂತಿಲ್ಲ. ಇನ್ನು ಮೂರು ವರ್ಷ ಆದಮೇಲೆ ಅದನ್ನು ನೋಡಿ.

ನಿಮಗೆ ಸರಿಯಾದ ದಾರಿ ಸಂಜೆ ಕಾಲೇಜು. ಬೆಂಗಳೂರಿನಲ್ಲಿ ಹಗಲು ದುಡಿದು ಸಂಜೆ ಓದುವ ಮಕ್ಕಳಿಗಾಗಿಯೇ ಕಾಲೇಜುಗಳಿವೆ. ಮ್ಯೂಸಿಯಂ ರಸ್ತೆಯ ಸೇಂಟ್ ಜೋಸೆಫ್ಸ್ ಸಂಜೆ ಕಾಲೇಜು ಹಳೆಯದು. ಶೇಷಾದ್ರಿಪುರಂನಲ್ಲೂ ಒಂದಿದೆ. ಪೀಣ್ಯದಿಂದ ಹಸಿರು ಮೆಟ್ರೋ ಹತ್ತಿದರೆ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆಯಲ್ಲಿ ಇಳಿದು ಹೋಗಬಹುದು. ಆ ಕಡೆ ವಿಚಾರಿಸಿ.

ಈ ಕೆಲಸಗಳು ಜಾಹೀರಾತಿನಲ್ಲಿ ಬರುವುದು ಕಡಿಮೆ. ಸೆಮಿಸ್ಟರ್ ಶುರುವಾಗುವ ಮುಂಚೆ ವಿಭಾಗದ ಮುಖ್ಯಸ್ಥರು ಟೈಮ್‌ಟೇಬಲ್ ಹಾಕಲು ಕೂರುತ್ತಾರೆ. ಯಾವ ಪೇಪರಿಗೆ ಜನ ಇಲ್ಲ ಅಂತ ಗೊತ್ತಾಗುವುದು ಆಗಲೇ. ಆ ಹೊತ್ತಿಗೆ ನೀವು ಅವರ ಎದುರು ಇರಬೇಕು. ಸುಮ್ನೆ ಇಮೇಲ್ ಕಳಿಸಿ ಕಾಯಬೇಡಿ, ಖುದ್ದಾಗಿ ಹೋಗಿ. ಹೋಗುವಾಗ ವಿವಿಯ ಸಿಲಬಸ್ ಪ್ರಿಂಟ್ ತೆಗೆದುಕೊಂಡು, 'ಈ ಪೇಪರಿನ ಈ ಯೂನಿಟ್‌ಗಳನ್ನು ನಾನು ದಿನಾ ಮಾಡುತ್ತೇನೆ' ಅಂತ ತೋರಿಸಿ. ಎರಡು ಪುಟದ ಬಯೋಡೇಟಾಗಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ.

ದಿನಾಂಕಗಳ ಮಾತನ್ನೂ ಮೊದಲೇ ಆಡಿಬಿಡಿ. ನಮಗೆ 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಅನ್ನುವ ಜಿಎಸ್‌ಟಿ ರಿಟರ್ನ್‌ಗಳನ್ನು ಸಲ್ಲಿಸಬೇಕು. ಆ ಸಂಜೆಗಳಲ್ಲಿ ಆಫೀಸು ಬಿಟ್ಟು ಬರಲು ಆಗಲ್ಲ. ನಮ್ಮ ಮುಖ್ಯಸ್ಥರು ಆ ಪೀರಿಯಡ್‌ಗಳನ್ನು ಬೇರೆ ದಿನಕ್ಕೆ ಹಾಕಿಕೊಟ್ಟರು. ಆದರೆ ಒಪ್ಪಿಕೊಂಡ ಪೀರಿಯಡ್ ತಪ್ಪಿಸಬೇಡಿ. ಕೆಲಸ ಮುಗಿಸಿ ಎರಡು ಬಸ್ ಬದಲಾಯಿಸಿ ಬಂದ ಮಕ್ಕಳು ಅವರು.

ಪಾಠದ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಮಕ್ಕಳು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ (ರಾಜ್ಯದೊಳಗೇ ಮಾರಿದಾಗ ಕೇಂದ್ರ ಮತ್ತು ರಾಜ್ಯದ ತೆರಿಗೆ), ಐಜಿಎಸ್‌ಟಿ (ಬೇರೆ ರಾಜ್ಯಕ್ಕೆ ಮಾರಿದಾಗಿನದು) ಅಂತ ಬಾಯಿಪಾಠ ಒಪ್ಪಿಸುತ್ತಿದ್ದರು. ಒಂದು ಟ್ಯಾಕ್ಸ್ ಇನ್‌ವಾಯ್ಸ್ ಜೆರಾಕ್ಸ್ ಮಾಡಿಸಿ ಹಂಚಿದೆ. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ 29 ಅಂದರೆ ಕರ್ನಾಟಕ, 33 ಅಂದರೆ ತಮಿಳುನಾಡು. ಹಾಗಾಗಿ ಪೀಣ್ಯದಿಂದ ಹೊಸೂರಿಗೆ ಮಾಲು ಮಾರಿದರೆ ಐಜಿಎಸ್‌ಟಿ. ಮುಂದಿನ ಹತ್ತು ಅಕ್ಷರ ಏನು ಅಂತ ಕೇಳಿದೆ. ಹಿಂದಿನ ಬೆಂಚಿನ ಹುಡುಗಿ, ಹಗಲು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವಳು, ತನ್ನ ಪ್ಯಾನ್ ಕಾರ್ಡ್ ತೆಗೆದು ಪಕ್ಕದಲ್ಲಿಟ್ಟು ನೋಡಿ, 'ಸರ್, ಇದು ಓನರ್ ಪ್ಯಾನ್ ಅಲ್ವಾ?' ಅಂದಳು. ಹೌದು. ಪ್ಯಾನಿನ ನಾಲ್ಕನೇ ಅಕ್ಷರ ಪಿ ಇದ್ದರೆ ವ್ಯಕ್ತಿ, ಸಿ ಇದ್ದರೆ ಕಂಪನಿ, ಎಫ್ ಇದ್ದರೆ ಪಾಲುದಾರಿಕೆ ಸಂಸ್ಥೆ. ಇಡೀ ಕ್ಲಾಸು ಆ ಒಂದು ಹಾಳೆ ಹಿಡಿದುಕೊಂಡು ಕೂತುಬಿಟ್ಟಿತು. ನಿಮ್ಮ 12 ವರ್ಷ ಬೇಕಾಗಿರುವುದು ಇದಕ್ಕೇ.

ದುಡ್ಡು ಕಡಿಮೆ. ಗೆಸ್ಟ್ ಫ್ಯಾಕಲ್ಟಿಗೆ ಒಂದು ಲೆಕ್ಚರಿಗೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000 ಅಂತ ಯುಜಿಸಿ 2019ರಲ್ಲೇ ಹೇಳಿದೆ. ನನಗೆ ಸಿಗುವುದು ಗಂಟೆಗೆ 500. ಪೇಪರ್ ತಿದ್ದುವುದಕ್ಕೆ, ಇಂಟರ್ನಲ್ಸ್ ಹಾಕುವುದಕ್ಕೆ ಬೇರೆ ದುಡ್ಡಿದೆಯಾ ಅಂತ ಮೊದಲೇ ಕೇಳಿ. ಮತ್ತೆ ನಿಮ್ಮ ಕಂಪನಿಯಿಂದ ಒಪ್ಪಿಗೆ ಪತ್ರ ಬರವಣಿಗೆಯಲ್ಲಿ ತಗೊಳ್ಳಿ. ಬಾಯಿಮಾತು ಮ್ಯಾನೇಜರ್ ಬದಲಾಗುವ ತನಕ ಮಾತ್ರ.

ಅತಿಥಿ ಉಪನ್ಯಾಸಕ, ತುಮಕೂರು ಜಿಲ್ಲೆ:

ಅಕ್ಕಾ, ಸರ್ಕಾರಿ ಪದವಿ ಕಾಲೇಜಿನ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ. ಅದು ನಿಮಗೆ ಹೊಂದಲ್ಲ. 2022ರಲ್ಲಿ ವಾರಕ್ಕೆ 15 ಗಂಟೆ ಕೆಲಸ ಅಂತಾಯಿತು, ಎಲ್ಲಾ ಹಗಲಲ್ಲೇ. ಅರ್ಜಿ ಆನ್‌ಲೈನ್, ಆಯ್ಕೆ ಮೆರಿಟ್ ಮೇಲೆ. ನೆಟ್, ಕೆಸೆಟ್, ಪಿಎಚ್‌ಡಿ ಇದ್ದವರಿಗೆ ಮೊದಲ ಮಣೆ. ಆ ವರ್ಷ ಅಂಥವರ ಸಂಬಳ 30–32 ಸಾವಿರಕ್ಕೆ ಏರಿತು, ಉಳಿದವರದು 26–28 ಸಾವಿರಕ್ಕೆ. ಆಮೇಲೂ ಸ್ವಲ್ಪ ಏರಿದೆ. ಆದರೂ ವರ್ಷಕ್ಕೊಮ್ಮೆ ಮತ್ತೆ ಕರೆಯುತ್ತಾರಾ ಇಲ್ಲವಾ ಅನ್ನುವ ಭಯದಲ್ಲೇ ಬದುಕು. ನಮಗೆ ಇದು ಪಾರ್ಟ್‌ಟೈಮ್ ಅಲ್ಲ, ಅನ್ನ. ದಯವಿಟ್ಟು ಬೇಜಾರಾಗಬೇಡಿ.

ಆದರೆ ನಮ್ಮ ಕಾಲೇಜುಗಳಿಗೆ ನಿಮ್ಮಂಥವರು ಬರಲೇಬೇಕು. ಒಂದು ಶನಿವಾರ ವಿಶೇಷ ಉಪನ್ಯಾಸ ಕೊಡಿ. ಹಳ್ಳಿಯಿಂದ ಬರುವ ನಮ್ಮ ಮಕ್ಕಳು ಫ್ಯಾಕ್ಟರಿಯ ಅಕೌಂಟ್ಸ್ ವಿಭಾಗ ಕಂಡಿಲ್ಲ. ಪ್ರಾಂಶುಪಾಲರಿಗೆ ಒಂದು ಪತ್ರ ಬರೆದರೆ ಸಾಕು. ಆ ಅನುಭವ ನಿಮ್ಮ ಬಯೋಡೇಟಾಗೂ ಸೇರುತ್ತದೆ. ದೂರಶಿಕ್ಷಣ ಕೊಡುವ ಇಗ್ನೋ ಮುಕ್ತ ವಿವಿಯ ಅಧ್ಯಯನ ಕೇಂದ್ರವನ್ನೂ ವಿಚಾರಿಸಿ. ಅಲ್ಲಿ ಪಾಠ ಮಾಡುವವರನ್ನು ಅಕಾಡೆಮಿಕ್ ಕೌನ್ಸೆಲರ್ ಅಂತಾರೆ, ತರಗತಿ ಹೆಚ್ಚಾಗಿ ವಾರದ ಕೊನೆಗೆ. ಬಿಡುವು ಸಿಕ್ಕರೆ ಕೆಸೆಟ್ ಬರೆದುಬಿಡಿ. ನಿಮಗೆ 55% ದಾಟಿದೆ, ಅರ್ಹತೆ ಇದೆ. ಈಗ ಅದನ್ನು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುತ್ತದೆ.

ಪೀಣ್ಯದ ಅಕೌಂಟ್ಸ್‌ನವಳು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸರ್ಕಾರಿ ಕಾಲೇಜಿಗೆ ಅರ್ಜಿ ಹಾಕಲ್ಲ ತಮ್ಮಾ, ನೀವು ಹೇಳಿದ್ದು ಅರ್ಥವಾಯಿತು. ಶನಿವಾರದ ಉಪನ್ಯಾಸಕ್ಕೆ ಖಂಡಿತ ಬರುತ್ತೇನೆ, ಮೆಸೇಜ್ ಮಾಡಿದ್ದೇನೆ ನೋಡಿ. ಸರ್, ಒಂದೇ ಅನುಮಾನ. ನಮ್ಮ ಕಂಪನಿ ಇನ್‌ವಾಯ್ಸ್ ಹೊರಗೆ ಒಯ್ಯುವ ಹಾಗಿಲ್ಲ. ಏನು ತೋರಿಸಲಿ?

ಸಂಜೆ ಪೀರಿಯಡ್:

ಕಂಪನಿಯ ಕಾಗದ ಮುಟ್ಟಲೇಬೇಡಿ ಮೇಡಂ. ನಾನು ಹಂಚಿದ್ದು ನಾನೇ ಮಿಕ್ಸಿ ಕೊಂಡ ಬಿಲ್. ಮಕ್ಕಳಿಗೂ ಮನೆಯಲ್ಲಿರುವ ಬಿಲ್ ತನ್ನಿ ಅನ್ನಿ, ಹೋಟೆಲ್, ಮೊಬೈಲ್ ಅಂಗಡಿ, ಔಷಧಿ, ಯಾವುದಾದರೂ ಸರಿ. ಯಾವುದಾದರೂ ಸಣ್ಣ ಹೋಟೆಲಿನ ಬಿಲ್‌ನಲ್ಲಿ ಟ್ಯಾಕ್ಸೇ ಇರಲ್ಲ, ಕಾಂಪೊಸಿಷನ್ ಅಂತ ಬರೆದಿರುತ್ತದೆ. 'ಇವರು ಯಾಕೆ ಟ್ಯಾಕ್ಸ್ ಹಾಕಿಲ್ಲ?' ಅಂತ ಮಕ್ಕಳೇ ಕೇಳುತ್ತಾರೆ. ಸಣ್ಣ ವ್ಯಾಪಾರಿಗಳು ಗ್ರಾಹಕರಿಂದ ಟ್ಯಾಕ್ಸ್ ವಸೂಲಿ ಮಾಡದೆ, ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತಾವೇ ಕಟ್ಟುವ ಈ ಕಾಂಪೊಸಿಷನ್ ಸ್ಕೀಮಿನ ಪಾಠ ಅಲ್ಲಿಂದಲೇ ಶುರು ಮಾಡಿ.